ಉಡಚವ್ವನ ಮೂರನೆಯ ಚಿಂದಿ

ಉಡಚವ್ವ ದೊಡ್ಡ ಗುರಿಕಾರ್ತಿಯೆಂದು ಈ ಬರಹಗಾರ ಒಂದು ಕಾಲಕ್ಕೆ ನಂಬಿದ್ದ. ನಂಬುವುದಕ್ಕೆ ಕಾರಣವೂ ಇತ್ತು. ರಾಣೆಬೆನ್ನೂರಿನಿಂದ ಹಾವೇರಿಗೆ ಹೋಗುವ ದಾರಿಯಲ್ಲಿ, ಹಳೆಯ ಬೀಜದ ಗೋದಾಮೊಂದನ್ನು ಬರಿದು ಮಾಡಿಸಿ ಕಟ್ಟಿಕೊಂಡ ತುಂಗಾತೀರ ರೈಫಲ್ ಕ್ಲಬ್ಬಿಗೆ ಮೊದಲ ಸಲ ಹೋದಾಗ, ಹೊಸ್ತಿಲ ಪಕ್ಕದಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಮಣೆಯ ಮೇಲೆ ಕುಳಿತಿದ್ದಳು. ಸೆರಗು ಸೊಂಟಕ್ಕೆ, ರೈಫಲ್ಲು ತೊಡೆಯ ಮೇಲೆ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ನಳಿಗೆಯ ಬಾಯಿಗೆ ಹಚ್ಚಿ, ಬೆಳಕಿನ ಕಡೆ ಹಿಡಿದು ನೋಡುತ್ತಿದ್ದಳು. ಬೆನ್ನ ಹಿಂದೆ ಹಗ್ಗದ ಮೇಲೆ ಬಿಳಿಯ ಬಟ್ಟೆ ತುಂಡುಗಳು ಸಾಲಾಗಿ ತೂಗುತ್ತಿದ್ದವು. ಗೆದ್ದ ಪಂದ್ಯಗಳ ಪತಾಕೆಗಳಿರಬೇಕು. ಬರಹಗಾರ ಕೈಮುಗಿದು, "ಇಲ್ಲೀತನಕ ಎಷ್ಟು ಪದಕ ಬಂದಾವ್ರಿ?" ಎಂದು ಕೇಳಿದ.

ಅವಳು ನಳಿಗೆಯಿಂದ ಕಣ್ಣು ತೆಗೆಯದೆ, "ಪದಕೆಲ್ಲಾ ಆಫೀಸಿನ್ಯಾಗ ಅದಾವ್ರಿ. ದಿನಾ ಧೂಳ ಒರಸ್ತೇನಿ" ಎಂದಳು.

ಆಹಾ, ಎಂಥ ವಿನಯ ಎಂದುಕೊಂಡು ಇನ್ನೆರಡು ಸಲ ಕೈಮುಗಿದದ್ದಾಯಿತು.

ಉಡಚವ್ವ ಹುಟ್ಟಿದಾಗಿನಿಂದ ಒಂದು ಗುಂಡನ್ನೂ ಹಾರಿಸಿದವಳಲ್ಲ. ಆ ಕ್ಲಬ್ಬಿನ ಐದು ರೈಫಲ್ಲುಗಳನ್ನು ತೊಳೆದು ಒರೆಸುವವಳು. ಕಸ ಹೊಡೆಯುವುದು, ಚಹಾ ಕೊಡುವುದು, ಪದಕಗಳ ಧೂಳು ಒರೆಸುವುದು ಇವೆಲ್ಲ ಉಪಕಸುಬು.

ಗುತ್ತಲದ ಮಗಳು, ರಾಣೆಬೆನ್ನೂರಿನ ಸೊಸೆ. ಗಂಡ ಗೋಣೆಪ್ಪ ಟಂಟಂ ಆಟೋ ಓಡಿಸುತ್ತಾನೆ. ಮನೆಯಲ್ಲಿ ಅವನ ಮಾತಿಗಿಂತ ಹೊರಗೆ ಅವನ ಹಾರ್ನಿನ ಸದ್ದೇ ಹೆಚ್ಚು. ಕ್ಲಬ್ಬಿಗೆ ಬರುವ ಮೊದಲು ಉಡಚವ್ವ ಹದಿನಾರು ವರ್ಷ ಬೀಜದ ಕಂಪನಿಯೊಂದರಲ್ಲಿ ನಿಂತೇ ದುಡಿದಳು. ಮೊದಲು ಕಾಳು ಹಸನು ಮಾಡುವ ಸಾಲಿನಲ್ಲಿ, ಆಮೇಲೆ ಬೀಜಕ್ಕೆ ಬಣ್ಣದ ಔಷಧಿ ಲೇಪಿಸುವ ಕೋಣೆಯಲ್ಲಿ. ಅಲ್ಲಿ ಅವಳ ಹೆಸರು ಒಂದುನೂರಾ ಹದಿನಾಲ್ಕು. "ಏ ಒಂದನೂರಾ ಹದಿನಾಕು, ಈಕಡೆ ಬಾ" ಎಂದರೆ ಹೋಗಬೇಕು. ಅಂಗೈ ಒಂದು ವಾರ ಕೆಂಪು, ಒಂದು ವಾರ ನೀಲಿ. ಮೊಣಕಾಲು ಮಾತ್ರ ಬಣ್ಣ ಬದಲಿಸಲಿಲ್ಲ. ಸುಮ್ಮನೆ ನೋಯುತ್ತ ಹೋಯಿತು.

ಕ್ಲಬ್ಬಿಗೆ ಕಸ ಹೊಡೆಯಲೆಂದು ಸೇರಿದ ಮೂರನೆಯ ತಿಂಗಳಿಗೆ, ರೈಫಲ್ಲು ತೊಳೆಯುತ್ತಿದ್ದವನು ಬ್ಯಾಂಕಿನ ಕಾವಲಿಗೆಂದು ಹೊರಟುಹೋದ. ಕ್ಲಬ್ಬಿನ ತರಬೇತುದಾರ ಸುಬೇದಾರ ಸಿದ್ದಲಿಂಗೇಶ, ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ಕಳೆದು ಬಂದವರು, ಬೇರೆ ಗತಿಯಿಲ್ಲದೆ ಉಡಚವ್ವನ ಮುಂದೆ ಕುಳಿತು ಪಾಠ ಶುರುಮಾಡಿದರು. ಒಂದು ಹುರಿ. ಅದರ ಒಂದು ತುದಿಗೆ ಹಿತ್ತಾಳೆಯ ಭಾರ, ಇನ್ನೊಂದು ತುದಿಗೆ ಚಿಂದಿ. ಭಾರವನ್ನು ನಳಿಗೆಯ ಹಿಂದಿನಿಂದ ಇಳಿಬಿಟ್ಟು ಮುಂದಿನಿಂದ ಎಳೆಯಬೇಕು. ನಡುವೆ ನಿಲ್ಲಬಾರದು. ಇದನ್ನು ಸುಬೇದಾರರು ಹಿಂದಿ, ಇಂಗ್ಲಿಷು, ಕನ್ನಡ ಮೂರರಲ್ಲೂ ಮುಕ್ಕಾಲು ತಾಸು ಹೇಳಿದರು.

ಉಡಚವ್ವ ಎಲ್ಲ ಕೇಳಿ, "ಪರಕಾರಕ್ಕ ಲಾಡಿ ಏರಸೂದು ಅನ್ರಿ" ಎಂದಳು.

ಲಂಗದ ಲಾಡಿಯ ಮಾತಿಗೆ ಸುಬೇದಾರರ ಕಿವಿ ಕೆಂಪಾಯಿತು. ಆದರೆ ಸೈನ್ಯದ ಯಾವ ಪುಸ್ತಕದಲ್ಲೂ ಅಷ್ಟು ಚುಟುಕಾಗಿ ಹೇಳಿರಲಿಲ್ಲವೆಂದು ಅವರಿಗೂ ಅನ್ನಿಸಿತು.

ಅಂದಿನಿಂದ ಹನ್ನೆರಡು ವರ್ಷ. ಒಂದು ರೈಫಲ್ಲಿಗೆ ಮೂರು ಚಿಂದಿ ಎಂಬುದು ಅವಳೇ ಮಾಡಿಕೊಂಡ ಕಟ್ಟಳೆ. ಮೊದಲನೆಯದು ಕರಿ ಬರುತ್ತದೆ: ಮದ್ದಿನ ಮಸಿ, ಗುಂಡಿನ ಸೀಸ, ಸೀಸಕ್ಕೆ ಸವರಿದ ಮೇಣ. ಎರಡನೆಯದು ಬೂದು. ಮೂರನೆಯದು ಬಿಳಿ ಬರಬೇಕು. ಬಿಳಿ ಬಂದ ಆ ಮೂರನೆಯ ಚಿಂದಿಯನ್ನು ರೈಫಲ್ಲಿನ ನಂಬರು ಬರೆದು ಹಗ್ಗಕ್ಕೆ ಸಿಕ್ಕಿಸುತ್ತಾಳೆ. ಹಗ್ಗದ ಮೇಲೆ ತನ್ನ ಚಿಂದಿ ಇಲ್ಲದ ರೈಫಲ್ಲನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಸುಬೇದಾರರೇ ಬೆಳಿಗ್ಗೆ ಬಂದವರು ಮೊದಲು ಹಗ್ಗ ನೋಡಿ, ಆಮೇಲೆ ದೇವರ ಫೋಟೋ ನೋಡುತ್ತಾರೆ. ಎಲ್ಲರೂ ಅವಳನ್ನು "ಉಡಚವ್ವಾರ" ಎನ್ನುತ್ತಾರೆ. ಆ ಕೊನೆಯ ಅಕ್ಷರ ತನ್ನ ಹೆಸರಿಗೆ ಅಂಟಿದ ದಿನ ಉಡಚವ್ವ ಮನೆಗೆ ಹೋಗಿ ಸುಮ್ಮಸುಮ್ಮನೆ ಗೋದಿ ಹುಗ್ಗಿ ಮಾಡಿದ್ದಳು. ಯಾಕೆಂದು ಗೋಣೆಪ್ಪ ಕೇಳಲಿಲ್ಲ. ಎರಡು ಸಲ ಬಡಿಸಿಕೊಂಡ.

ಚಿಂದಿಗೆ ಬಟ್ಟೆ ಎಲ್ಲಿಂದ ಬರುತ್ತಿತ್ತು? ಅಧ್ಯಕ್ಷ ಕರಬಸಪ್ಪನವರ ಹಳೆಯ ಧೋತರಗಳಿಂದ.

ಕರಬಸಪ್ಪನವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಬ್ಯಾಡಗಿ ಕಾಯಿಯ ಗುಣ ಎಲ್ಲರಿಗೂ ಗೊತ್ತು: ಬಣ್ಣ ಕಣ್ಣು ಕುಕ್ಕುತ್ತದೆ, ಖಾರ ನಾಲಿಗೆಗೆ ಹತ್ತುವುದಿಲ್ಲ. ಅಧ್ಯಕ್ಷರೂ ಅದೇ ತಳಿ ಎಂದು ಆಗದವರು ಹೇಳುತ್ತಿದ್ದರು; ಆದವರು ನಗುತ್ತಿದ್ದರು. ಅವರ ಅಂಗಡಿಯ ಮುಂದೆ ಒಂದು ಸ್ಟೀಲಿನ ತಟ್ಟೆ. ಅದರಲ್ಲಿ ಇಪ್ಪತ್ತು ಮಾದರಿ ಕಾಯಿ. ದಿನಾ ಬೆಳಿಗ್ಗೆ ಅಧ್ಯಕ್ಷರು ಆ ಇಪ್ಪತ್ತನ್ನೂ ಒಂದೊಂದಾಗಿ ಕೈಗೆತ್ತಿಕೊಂಡು, ಎಣ್ಣೆ ಅದ್ದಿದ ಅರಿವೆಯಿಂದ ಕೂಸಿಗೆ ತಿಕ್ಕಿದಂತೆ ತಿಕ್ಕಿ ಇಡುತ್ತಿದ್ದರು. "ಗಿರಾಕಿ ಮೊದಲ ಕಣ್ಣಿಲೆ ತಿಂತಾನ" ಎಂಬುದು ಅವರ ಸಿದ್ಧಾಂತ. ಆ ತಟ್ಟೆಯ ಕಾಯಿಗಳನ್ನು ಅವರು ಎಂದೂ ಮಾರಿದವರಲ್ಲ. ಅವು ನೋಡಲಿಕ್ಕೆ ಮಾತ್ರ.

ಗುರಿ ಹೊಡೆಯುವಾಗ ಕೋಟು, ಟೊಪ್ಪಿಗೆ, ಎದೆಯ ಮೇಲೆ ಕ್ಲಬ್ಬಿನ ಬಿಲ್ಲೆ ಎಲ್ಲ ಇರಬೇಕು. ಅವರ ಗುಂಡು ಮಾತ್ರ ಸ್ವತಂತ್ರ ಪ್ರಕೃತಿಯದು. ಎಷ್ಟೋ ಸಲ ಪಕ್ಕದವರ ಹಾಳೆಗೆ ಹೋಗಿ ಬಿದ್ದು ಅವರ ಅಂಕ ಏರಿಸಿದ್ದುಂಟು. ಅದನ್ನು ಅಧ್ಯಕ್ಷರು ದಾನವೆಂದೇ ತಿಳಿದಿದ್ದರು.

ಇಂಥ ಅಧ್ಯಕ್ಷರು ಕಳೆದ ವರ್ಷ ಯುಗಾದಿ ಮುಗಿದ ವಾರ ಕಾರ್ಯಕಾರಿ ಸಭೆ ಕರೆದು, ಮೇಜಿನ ನಡುವೆ ಒಂದು ಡಬ್ಬಿ ಇಟ್ಟು, ಅದರ ಮೇಲಿನ ಕರವಸ್ತ್ರವನ್ನು ಶಿಲಾನ್ಯಾಸದ ಫಲಕದಿಂದ ಪರದೆ ಸರಿಸಿದಂತೆ ಸರಿಸಿದರು. ಒಳಗೆ ಗುಂಡುಗಳು. ಹಿತ್ತಾಳೆಯ ಕೊಳವೆ ಎಂದಿನಂತೆಯೇ; ತುದಿಯ ಸೀಸ ಮಾತ್ರ ಕಡುಗೆಂಪು.

"ಕೋಟಿಂಗ್ ಗುಂಡು!" ಎಂದರು ಅಧ್ಯಕ್ಷರು. "ಸೀಸದ ಮ್ಯಾಲೆ ಪ್ಲಾಸ್ಟಿಕ್ಕಿನಂಥ ಲೇಪ. ಸೀಸ ನಳಗಿಗೆ ತಾಗೂದಽ ಇಲ್ಲ. ಹೊಗಿ ಕಮ್ಮಿ, ಹೊಲಸು ಕಮ್ಮಿ, ಕೈಗೆ ಕರಿ ಹತ್ತಂಗಿಲ್ಲ. ನೋಡ್ರಿ, ನಮ್ಮ ಕಾಯಿ ಕಂಡಂಗ ಕಾಣತೈತಿ."

"ಕಾಯಿ ಕಂಡಂಗ ಕಂಡ್ರ ಸಾರಿಗೆ ಹಾಕೋಣಲ್ರಿ, ಸಾವ್ಕಾರ್ರ," ಎಂದರು ಸುಬೇದಾರರು. "ನಮ್ಮ ರೈಫಲ್ಲು ಹನ್ನೆರಡು ವರ್ಷ ಮೇಣ ಹಚ್ಚಿದ ಬರೀ ಸೀಸದ ಗುಂಡು ಉಂಡಾವ. ಒಂದೊಂದು ನಳಗಿಗೆ ಒಂದೊಂದು ರುಚಿ. ಗುಂಡು ಬದಲಾತು ಅಂದ್ರ ಗುರಿ ಬದಲಾಗತೈತಿ. ಮತ್ತ ಆ ಲೇಪ ಒಂದ್ಕಡಿ ದಪ್ಪ, ಒಂದ್ಕಡಿ ತೆಳು ಇತ್ತಂದ್ರ ಗುಂಡು ತಿರಗೂದು ಬಿಟ್ಟು ತೂರಾಡತೈತಿ. ಅದರಾಗ ತುಟ್ಟಿ ಬ್ಯಾರೆ."

"ಹಳೇ ಮಂದಿ ಹಿಂಗಽ ಅನ್ನೋರು. ಮೊಬೈಲ್ ಬಂದಾಗೂ ಹಿಂಗಽ ಅಂದ್ರು."

"ಮೊಬೈಲಿನಿಂದ ಯಾರೂ ಗುರಿ ಹೊಡ್ಯಾಂಗಿಲ್ರಿ."

ಹುಮಾ ಟೀಚರು ನಡುವೆ ಬಾಯಿ ಹಾಕಿದರು. ಹಾವೇರಿಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಕ್ಲಬ್ಬಿಗೆ ಬಂದ ಪದಕಗಳಲ್ಲಿ ಮುಕ್ಕಾಲು ಪಾಲು ಅವರವೇ. "ಸುಬೇದಾರ್ ಸರ್, ನೀವ್ ಹೇಳೂದು ಖರೇ. ಆದ್ರ ಈ ಗೋದಾಮಿಗೆ ಕಿಡಕಿ ಎಷ್ಟು ಅದಾವ? ಎರಡು. ಅವೂ ಸಪ್ಪಳ ಹೊರಗ ಹೋಗಬಾರ್ದಂತ ಮುಚ್ಚೀವಿ. ತಾಸು ಹೊಡದ್ರ ಬಾಯಾಗ ಸೀಸದ ರುಚಿ. ರಾತ್ರಿ ಊಟ ಸೇರೂದಿಲ್ರಿ. ಹೊಗಿ ಕಮ್ಮಿ ಆಗೂದಿದ್ರ ಗುಂಡಿನ ಬಣ್ಣ ಯಾವ್ದರೆ ಇರ್ಲಿ."

ಇದು ಹಾರಿಸುವವರ ಮಾತು. ಅಷ್ಟರಲ್ಲೇ ಅಧ್ಯಕ್ಷರು ಕೆಂಪು ಗುಂಡು ಕೊಳ್ಳುವ ಠರಾವು ತೆಗೆದು ಅದರ ಎರಡನೆಯ ಭಾಗ ಓದಿದರು. "ಲೇಪನದ ಗುಂಡಿನಿಂದ ನಳಿಗೆ ಹೊಲಸಾಗದ ಕಾರಣ, ಬರುವ ತಿಂಗಳಿಂದ ರೈಫಲ್ ಶುಚಿಗೊಳಿಸುವ ಹುದ್ದೆಯನ್ನು ಅನಗತ್ಯವೆಂದು ಭಾವಿಸಿ ಕೈಬಿಡಲಾಗಿದೆ."

ಆ ಹೊತ್ತಿಗೆ ಆ ಹುದ್ದೆಯೇ ಚಹಾದ ತಾಟು ಹಿಡಿದು ಅಧ್ಯಕ್ಷರ ಎಡಕ್ಕೆ ನಿಂತಿತ್ತು. ಅಧ್ಯಕ್ಷರು ಕಪ್ಪು ಎತ್ತಿಕೊಂಡು, "ಸಕ್ಕರಿ ಕಮ್ಮಿ ಐತೇನು?" ಎಂದು ಕೇಳಿದರು.

"ನಿಮಗಂತನಽ ಕಮ್ಮಿ ಹಾಕೇನ್ರಿ," ಎಂದಳು ಉಡಚವ್ವ.

ಸುಬೇದಾರರು ಮೇಜು ಕುಟ್ಟಿದರು. ಪರೀಕ್ಷೆ ಮಾಡದೆ ಯಾವ ಗುಂಡನ್ನೂ ಒಪ್ಪಲಾರೆ ಎಂದರು. ಕೊನೆಗೆ ತೀರ್ಮಾನ ಹೀಗಾಯಿತು: ಭಾನುವಾರ ಎರಡು ರೈಫಲ್ಲು, ಒಂದಕ್ಕೆ ಹಳೆಯ ಸೀಸದ ಗುಂಡು, ಒಂದಕ್ಕೆ ಕೆಂಪು ಗುಂಡು, ಎಲ್ಲರೆದುರು ಹಾರಿಸುವುದು, ಆಮೇಲೆ ಉಡಚವ್ವ ಎಲ್ಲರೆದುರು ಚಿಂದಿ ಎಳೆಯುವುದು. ಚಿಂದಿ ಹೇಳಿದ್ದೇ ತೀರ್ಪು. ತನ್ನ ಕೆಲಸ ಉಳಿಯಿತೋ ಹೋಯಿತೋ ಎಂಬುದನ್ನು ಉಡಚವ್ವ ತಾನೇ ಎಳೆದು ತೋರಿಸಬೇಕು. ಗಲ್ಲಿಗೇರುವವನಿಂದಲೇ ಹಗ್ಗ ಹೊಸೆಸಿದಂತೆ ಇದು ಎಂದು ಯಾರಿಗೂ ಅನ್ನಿಸಲಿಲ್ಲ. ಸಮಿತಿಗಳಿಗೆ ಅಂಥದ್ದೆಲ್ಲ ಅನ್ನಿಸುವುದಿಲ್ಲ.

ಅಂದು ಸಂಜೆ ಉಡಚವ್ವ ಆಗಲೇ ಚೊಕ್ಕವಾಗಿದ್ದ ಐದೂ ರೈಫಲ್ಲುಗಳನ್ನು ಮತ್ತೊಮ್ಮೆ ಒರೆಸಿ, ಗೇಟಿನ ಬಳಿ ಬಿಸ್ಮಿಲ್ಲಾಬಿಯ ಚಹಾದಂಗಡಿಯ ಬೆಂಚಿನ ಮೇಲೆ ಬಂದು ಕುಳಿತಳು. ಬಿಸ್ಮಿಲ್ಲಾಬಿಗೆ ಸಭೆಯ ಸುದ್ದಿ ಸಭೆ ಮುಗಿಯುವ ಮೊದಲೇ ಗೊತ್ತಿತ್ತು.

"ಇದಕ್ಯಾಕ ಮಾರಿ ಸಣ್ಣದು ಮಾಡ್ಕೊಂಡೀ ಬೇ? ಚಿಂದಿ ಎಳಿಯಾಕಿ ನೀನು. ಒಂದ್ಚೂರು ಕಾಡಿಗಿ ಹಚ್ಕೊಂಡು ಹೋಗು. ಕೆಂಪು ಗುಂಡಿನ ಚಿಂದಿ ಕಾಗಿ ಹಂಗ ಕರ್ರಗ ಬರ್ತೈತಿ. ಮುಗೀತು."

"ಕಾಡಿಗಿ ಕಣ್ಣಿಗೆ ಹಚ್ಚೂದು, ಬಿಸ್ಮಿಲ್ಲಾ."

"ಹಂಗಾರ ಬರೂ ತಿಂಗಳಿಂದ ಮತ್ತ ಒಂದನೂರಾ ಹದಿನಾಕು ಆಗು. ಮೊಣಕಾಲಿಗೆ ಎಣ್ಣಿ ನಾ ತಿಕ್ಕಂಗಿಲ್ಲ, ಈಗಽ ಹೇಳೇನಿ."

ಉಡಚವ್ವ ಚಹಾ ಕುಡಿದಳು. "ಹನ್ನೆರಡು ವರ್ಷ ಆ ಹಗ್ಗಕ್ಕ ಸುಳ್ಳ ಚಿಂದಿ ಹಾಕಿಲ್ಲ. ಒಂದ್ಸಲ ಹಾಕಿದ್ನೆಂದ್ರ ಮೊದಲಿನವೂ ಸುಳ್ಳ ಆಕ್ಕಾವು."

"ಖರೇ ಹೇಳಿ ಮನಿಗೆ ಹೋಗಾಕಿ ನೀ ಒಬ್ಬಾಕಿನಽ ನೋಡು ಈ ಜಿಲ್ಲಾದಾಗ," ಎಂದು ಬಿಸ್ಮಿಲ್ಲಾಬಿ ಇನ್ನರ್ಧ ಕಪ್ಪು ಸುರಿದಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗೋದಾಮು ತುಂಬಿತು. ಅಧ್ಯಕ್ಷರು ಟೊಪ್ಪಿಗೆ, ಬಿಲ್ಲೆ ಸಮೇತ ಬಂದು, ಪತ್ರಿಕೆಯವನೊಬ್ಬನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ಸ್ಟೀಲಿನ ತಟ್ಟೆಯಲ್ಲಿ ಕೆಂಪು ಗುಂಡುಗಳನ್ನು ಜೋಡಿಸಿಡಲಾಗಿತ್ತು. ಉಡಚವ್ವ ದೂರದಿಂದಲೇ ನೋಡಿದಳು. ಸಭೆಯ ದಿನಕ್ಕಿಂತ ಇಂದು ಅವು ಹೆಚ್ಚು ಹೊಳೆಯುತ್ತಿದ್ದವು. ಮದುಮಗನ ಕಡೆಯವರಂತೆ.

ಮೊದಲು ಎರಡನೆಯ ನಂಬರಿನ ರೈಫಲ್ಲಿನಿಂದ ಹುಮಾ ಟೀಚರು ಸೀಸದ ಐವತ್ತು ಗುಂಡು ಹಾರಿಸಿದರು. ಎಂದಿನ ಹೊಗೆ, ಎಂದಿನ ವಾಸನೆ. ಐವತ್ತೂ ಗುಂಡು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದವು. ಸುಬೇದಾರರು ಮೀಸೆಯ ಬಲತುದಿ ತಿರುವಿದರು. ಎಡತುದಿಯನ್ನು ಫಲಿತಾಂಶಕ್ಕೆಂದು ಉಳಿಸಿಕೊಂಡರು.

ಆಮೇಲೆ ನಾಲ್ಕನೆಯ ನಂಬರು, ಕೆಂಪು ಗುಂಡು. ಅಧ್ಯಕ್ಷರು ಎದ್ದುನಿಂತು, "ಈಗ ನೋಡ್ರಿ, ಹೊಗಿ ಇಲ್ಲದ ಗುಂಡು" ಎಂದು ಘೋಷಿಸಿದರು.

ಹತ್ತು ಗುಂಡಿನವರೆಗೆ ಎಲ್ಲ ಸರಿಯಿತ್ತು. ಹದಿನೈದಕ್ಕೆ ಮುಂದಿನ ಕುರ್ಚಿಯ ಪತ್ರಿಕೆಯವನು ಮೂಗು ಉಜ್ಜಿದ. ಇಪ್ಪತ್ತಕ್ಕೆ ಸುಬೇದಾರರು ಒಂದು ಸಲ ಸೀನಿದರು. ಸೈನ್ಯದ ಸೀನು, ಒಂದೇ, ಖಚಿತ. ಇಪ್ಪತ್ತೈದಕ್ಕೆ ಇಡೀ ಗೋದಾಮು ಕೆಮ್ಮತೊಡಗಿತು. ಯಾರೋ ಒಲೆಯ ಮೇಲೆ ಒಣಮೆಣಸಿನಕಾಯಿ ಹಾಕಿ ಮರೆತು ಹೋದಂಥ ಘಾಟು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಮೂವತ್ತನೆಯ ಗುಂಡಿಗೆ ರೈಫಲ್ಲಿನ ಚಿಲಕ ಅಂಟಿಕೊಂಡು ಹಿಂದೆ ಸರಿಯದಾಯಿತು. ಹುಮಾ ಟೀಚರು ನಿಯಮದ ಪ್ರಕಾರ ನಳಿಗೆಯನ್ನು ಗುರಿಹಾಳೆಯ ಕಡೆಗೇ ಇಟ್ಟು, ಕೈ ಮೇಲೆತ್ತಿ, ಕಣ್ಣೀರು ಸುರಿಸುತ್ತ, "ಸರ್, ಇದ್ಯಾವ ಪರೀಕ್ಷಾರಿ?" ಎಂದರು. ಮುಚ್ಚಿದ್ದ ಎರಡೂ ಕಿಟಕಿಗಳನ್ನು ಅಧ್ಯಕ್ಷರೇ ಓಡಿಹೋಗಿ ತೆರೆದರು. ಕಿಟಕಿಯಾಚೆ ಬಿಸ್ಮಿಲ್ಲಾಬಿ ನಿಂತಿದ್ದಳು. ಅವಳೂ ಸೀನಿದಳು.

ಸುಬೇದಾರರು ಅಂಟಿದ ಚಿಲಕವನ್ನು ಹುಷಾರಾಗಿ ಬಿಡಿಸಿ, ರೈಫಲ್ಲು ಖಾಲಿ ಇರುವುದನ್ನು ಎರಡು ಸಲ ನೋಡಿ, ಉಡಚವ್ವನ ಕೈಗೆ ಕೊಟ್ಟರು. ಎಲ್ಲರೂ ಮೂಗು ಒರೆಸಿಕೊಂಡು ಸುತ್ತ ನಿಂತರು. ಉಡಚವ್ವ ಹುರಿ ಇಳಿಬಿಟ್ಟು, ಚಿಂದಿ ಸಿಕ್ಕಿಸಿ, ಒಂದೇ ಎಳೆತಕ್ಕೆ ಎಳೆದಳು.

ಚಿಂದಿ ಕರಿಯೂ ಅಲ್ಲ, ಬೂದೂ ಅಲ್ಲ. ಕೆಂಗಂದು, ಜಿಡ್ಡು ಜಿಡ್ಡು.

"ಮುಗೀತು!" ಎಂದರು ಸುಬೇದಾರರು. ಮೀಸೆಯ ಎಡತುದಿಯೂ ತಿರುಗಿತು. "ಲೇಪ ಕರಗಿ ನಳಗಿಗೆ ಹತ್ತೇತಿ. ನಾ ಮೊದಲಽ ಹೇಳಿದ್ದಿಲ್ಲ?"

ಅಧ್ಯಕ್ಷರು ಕ್ಷಣವೂ ತಡಮಾಡದೆ ಪಕ್ಷ ಬದಲಿಸಿದರು. "ಕಂಪನ್ಯಾವ್ರು ಮೋಸ ಮಾಡ್ಯಾರ. ಇಂಥ ಗುಂಡು ನಮ್ಮ ಕ್ಲಬ್ಬಿಗೆ ಬ್ಯಾಡಽ ಬ್ಯಾಡ. ಠರಾವು ರದ್ದು. ಪತ್ರಿಕ್ಯಾಗ ಬರೀರಿ, ಅಧ್ಯಕ್ಷರ ಸಮಯಪ್ರಜ್ಞೆ ಅಂತ."

ಠರಾವು ರದ್ದೆಂದರೆ ಹುದ್ದೆ ಉಳಿಯಿತು. ಉಡಚವ್ವ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಕಿಟಕಿಯಲ್ಲಿ ಬಿಸ್ಮಿಲ್ಲಾಬಿ ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ತನ್ನ ಮೊಣಕಾಲು ತೋರಿಸುತ್ತಿದ್ದಳು. ಉಡಚವ್ವ ಆ ಕಡೆ ಒಮ್ಮೆ ನೋಡಿದಳು. ಆಮೇಲೆ ಹಗ್ಗದ ಕಡೆ ನೋಡಿದಳು. ಆಮೇಲೆ ಚಿಂದಿಯನ್ನು ಮೂಗಿನ ಹತ್ತಿರ ಹಿಡಿದಳು.

"ಸಾವ್ಕಾರ್ರ, ಇದು ಗುಂಡಿನ ವಾಸನಿ ಅಲ್ರಿ. ಇದು ಒಗ್ಗರಣಿ."

"ಅಂದ್ರ?"

"ಗುಂಡಿಗೆ ಎಣ್ಣಿ ಹಚ್ಚೀರೇನು?"

ಅಧ್ಯಕ್ಷರು ಟೊಪ್ಪಿಗೆ ತೆಗೆದು ಒಳಗೆ ನೋಡಿ ಮತ್ತೆ ಹಾಕಿಕೊಂಡರು. "ಹಚ್ಚೂದಂದ್ರ... ನಿನ್ನಿ ಮಧ್ಯಾಹ್ನ ಆಫೀಸಿನ್ಯಾಗ ಕುಂತು ಸುಮ್ನ ಒಂದ್ ಕೈ ಆಡಿಸೇನಿ. ಪತ್ರಿಕ್ಯಾವ್ರು ಬರೋರಿದ್ರು. ಒಂದೀಟು ಹೊಳಪಿರ್ಲಿ ಅಂತ."

"ಯಾವ ಅರಬಿಲೆ?"

"ಅಂಗಡ್ಯಾಗಿಂದು," ಎಂದರು ಅಧ್ಯಕ್ಷರು, ತೀರ ಮೆಲ್ಲಗೆ.

"ಕಾಯಿ ಒರಸೂ ಅರಬಿ?"

ಅಧ್ಯಕ್ಷರು ಗುರಿಹಾಳೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಹತ್ತು ವರ್ಷದ ಮೆಣಸಿನಪುಡಿ ಕುಡಿದು ಬಲಿತ ಆ ಅರಿವೆ, ಶೇಂಗಾ ಎಣ್ಣೆಯ ಸಮೇತ, ಪ್ರತಿ ಗುಂಡನ್ನೂ ನೀವಿತ್ತು. ಬ್ಯಾಡಗಿ ಕಾಯಿಗೆ ಖಾರವಿಲ್ಲವೆಂದು ಹೇಳುವವರು ಅಂದು ಆ ಗೋದಾಮಿನಲ್ಲಿ ಇರಬೇಕಿತ್ತು.

"ಗುಂಡಿನ ತಪ್ಪಿಲ್ರಿ," ಎಂದಳು ಉಡಚವ್ವ. "ಎಣ್ಣಿ ಸುಟ್ಟು ಅಂಟಾಗೇತಿ. ಒರಸದ ಡಬ್ಬಿ ಒಂದರ ಐತೇನು?"

ಒಂದಿತ್ತು. ಅಧ್ಯಕ್ಷರ ತೋಳು ನೋಯತೊಡಗಿದ್ದರಿಂದ ಉಳಿದದ್ದು. ಸುಬೇದಾರರು ಉಡಚವ್ವನನ್ನು ಪಕ್ಕಕ್ಕೆ ಕರೆದು, "ಉಡಚವ್ವಾರ, ತಿಳದು ಮಾಡಾಕತ್ತೀರಿ ಹೌದಲ್ಲೋ? ಆ ಡಬ್ಬಿ ಛಲೋ ಇತ್ತಂದ್ರ ನಿಮಗಽ ಹೊಡ್ತ" ಎಂದರು.

"ಹೌದ್ರಿ. ಆದ್ರ ನಳಗಿ ನೋಡಿ ಖರೇ ಹೇಳು ಅಂತ ಕಲಿಸಿದವ್ರು ನೀವಽ. ನೋಡಿದ ಮ್ಯಾಗ ಏನ್ ಮಾಡ್ಲಿ?"

ಸುಬೇದಾರರ ಮೀಸೆಯ ಎರಡೂ ತುದಿಗಳು ತಾವಾಗಿಯೇ ಕೆಳಗಿಳಿದವು.

ನಾಲ್ಕನೆಯ ನಂಬರಿನ ಜಿಡ್ಡು ಬಿಡಿಸಲು ಏಳು ಚಿಂದಿ ಬೇಕಾದವು. ಏಳೂ ಅಧ್ಯಕ್ಷರ ಧೋತರದವೇ. ಅಷ್ಟರಲ್ಲಿ ಎಲ್ಲರೂ ಬಿಸ್ಮಿಲ್ಲಾಬಿಯ ಅಂಗಡಿಯಲ್ಲಿ ಮಂಡಕ್ಕಿ ಗಿರ್ಮಿಟ್ಟು ತಿಂದು ಬಂದರು. ಮೇಲೆ ಮಿರ್ಚಿ ಬೇಕೇ ಎಂದು ಅವಳು ಕೇಳಿದಾಗ ಎಲ್ಲರೂ ಮೂಗು ಮುಚ್ಚಿಕೊಂಡರು.

ಊಟದ ಹೊತ್ತಿಗೆ ಸರಿಯಾಗಿ ಎರಡನೆಯ ಪರೀಕ್ಷೆ. ಒರೆಸದ ಕೆಂಪು ಗುಂಡು ಐವತ್ತು. ಹೊಗೆ ಅರ್ಧಕ್ಕರ್ಧ ಕಡಿಮೆ. ಹುಮಾ ಟೀಚರು ಎದ್ದವರೇ ತುಟಿ ಸವರಿಕೊಂಡು, "ಬಾಯಾಗ ಏನೂ ರುಚಿ ಇಲ್ಲ!" ಎಂದು ಹಬ್ಬದೂಟದ ಸುದ್ದಿಯಂತೆ ಸಾರಿದರು. ಆದರೆ ಹಾಳೆ ತಂದು ನೋಡಿದರೆ, ನಾಣ್ಯದಷ್ಟಿದ್ದ ಜಾಗ ಹಪ್ಪಳದಷ್ಟು ಅಗಲವಾಗಿತ್ತು. ಅದೇ ಕೈ, ಅದೇ ಕಣ್ಣು. ನಳಿಗೆಗೆ ಹೊಸ ಗುಂಡು ಒಗ್ಗಿರಲಿಲ್ಲ. ಸುಬೇದಾರರು ಬಲತುದಿಯನ್ನು ಮಾತ್ರ ಮತ್ತೆ ತಿರುವಿಕೊಂಡರು.

ಆಮೇಲೆ ಚಿಂದಿ. ಎರಡನೆಯ ನಂಬರು, ಬರೀ ಸೀಸ: ಕರಿ, ಬೂದು, ಬಿಳಿ. ನಾಲ್ಕನೆಯ ನಂಬರು, ಕೆಂಪು ಗುಂಡು: ಮೊದಲನೆಯದೇ ಬೂದು, ಎರಡನೆಯದು ಬಿಳಿ. ಉಡಚವ್ವ ಐದನ್ನೂ ಮೇಜಿನ ಮೇಲೆ ಸಾಲಾಗಿ ಹರವಿದಳು.

"ಏನನಸ್ತೈತಿ ನಿಮಗ?" ಎಂದು ಹುಮಾ ಟೀಚರು ಕೇಳಿದರು. ಹನ್ನೆರಡು ವರ್ಷದಲ್ಲಿ ಆ ಮೇಜಿನ ಸುತ್ತ ಉಡಚವ್ವನನ್ನು ಯಾರೂ ಹಾಗೆ ಕೇಳಿರಲಿಲ್ಲ.

"ನಾ ಬೀಜಕ್ಕ ಬಣ್ಣ ಹಚ್ಚಿದಾಕಿ ಅದೇನ್ರಿ. ಬಣ್ಣದ ಬೀಜ ಛಲೋನಽ. ಹುಳ ಮುಟ್ಟಂಗಿಲ್ಲ, ಭೂಮ್ಯಾಗ ಕೊಳ್ಯಾಂಗಿಲ್ಲ. ಆದ್ರ ಬಣ್ಣ ಹಚ್ಚಿದ ಮ್ಯಾಗ ಗಟ್ಟಿ ಯಾವ್ದು ಜೊಳ್ಳು ಯಾವ್ದು ಗೊತ್ತಾಗಂಗಿಲ್ಲ. ಎಲ್ಲಾ ಒಂದಽ ನಮೂನಿ ನಗತಾವು. ಈ ಗುಂಡೂ ಹಂಗಽ. ಸೀಸ ಕಮ್ಮಿ ಬಿಡತೈತಿ, ಖರೇ. ಹೊಗಿ ಕಮ್ಮಿ, ಖರೇ. ಒಳಗಿಂದು ಹೆಂಗೈತಿ ಅಂತ ಹಾಳಿ ನೋಡಿನಽ ತಿಳ್ಕೋಬೇಕು. ಟೀಚರ್ರು ದಿನಾ ಕಲಿಯಾಕ ಇದನ್ನ ಹೊಡೀಲಿ, ಪಾಪ, ಊಟರ ಸೇರ್ಲಿ. ಪಂದ್ಯಕ್ಕ ಹಳೇದು ಇರ್ಲಿ. ಆದ್ರ ಎರಡೂ ಒಂದಽ ನಳಗ್ಯಾಗ ಬೆರಸಬ್ಯಾಡ್ರಿ. ಇದಕ್ಕೊಂದು ರೈಫಲ್ಲು, ಅದಕ್ಕೊಂದು ರೈಫಲ್ಲು."

ಸುಬೇದಾರರು ಮುಕ್ಕಾಲು ತಾಸಿನ ಭಾಷಣವನ್ನು ಬರೆದು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಅದನ್ನು ಹೊರಗೆ ತೆಗೆಯಲೇ ಇಲ್ಲ.

ಆದರೆ ಅಧ್ಯಕ್ಷರು ಸುಲಭಕ್ಕೆ ಸೋಲುವ ಆಳಲ್ಲ. ಅವರ ಕಣ್ಣು ಆ ಬಿಳಿಯ ಎರಡನೆಯ ಚಿಂದಿಯ ಮೇಲೆ ನೆಟ್ಟಿತ್ತು. "ಅಂದ ಮ್ಯಾಲೆ ನನ್ನ ಮಾತಽ ಖರೇ ಆತು. ಒಂದು ಎಳತಕ್ಕ ಸ್ವಚ್ಛ! ಇನ್ನ ತೊಳಿಯಾಕ ಆಳ್ಯಾಕ ಬೇಕು? ಠರಾವಿನ ಎರಡನೇ ಭಾಗ ಹಂಗಽ ಇರ್ಲಿ."

ಕಿಟಕಿಯಲ್ಲಿ ಬಿಸ್ಮಿಲ್ಲಾಬಿ ಹಣೆ ಬಡಿದುಕೊಂಡ ಸದ್ದು ಕೇಳಿಸಿತು.

ಉಡಚವ್ವ ಕೈ ಒರೆಸಿಕೊಂಡಳು. "ಹೌದ್ರಿ ಸಾವ್ಕಾರ್ರ, ಸ್ವಚ್ಛ ಐತಿ. ನಿಮಗ ಹೆಂಗ ಗೊತ್ತಾತು?"

"ಹೆಂಗಂದ್ರ? ಚಿಂದಿ ಬಿಳೀ ಬಂತಲ್ಲ."

"ಚಿಂದಿ ಯಾರು ಎಳದ್ರು?"

ಅಧ್ಯಕ್ಷರು ಪತ್ರಿಕೆಯವನನ್ನು ನೋಡಿದರು. ಅವನು ಬರೆದುಕೊಳ್ಳುತ್ತಿದ್ದ. ಸುಬೇದಾರರನ್ನು ನೋಡಿದರು. ಅವರು ಮೀಸೆಯ ಎರಡೂ ತುದಿಗಳಿಗೆ ಒಟ್ಟಿಗೆ ಕೈಹಾಕಿದ್ದರು. ಕೊನೆಗೆ ತಮ್ಮ ಬೂಟು ನೋಡಿಕೊಂಡರು.

"ಹೊಲಸಿಲ್ಲ ಅಂತ ನೋಡಾಕೂ ಯಾರರೆ ಎಳೀಬೇಕಲ್ರಿ," ಎಂದಳು ಉಡಚವ್ವ. "ಇವತ್ತು ನಾ ಎಳೀದಿದ್ರ ನಿಮ್ಮ ಒಗ್ಗರಣಿ ನಾಕನೇ ನಂಬರಿನ್ಯಾಗ ಇನ್ನೂ ಕುದೀತಿತ್ತು."

ಮೊದಲು ನಕ್ಕವರು ಹುಮಾ ಟೀಚರು. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದೇ ಸುಲಭ: ಒಬ್ಬರೇ. ಅವರೂ ಕೊನೆಗೆ ಟೊಪ್ಪಿಗೆಯ ಮರೆಯಲ್ಲಿ ನಕ್ಕರು. ವ್ಯಾಪಾರಿ ಮನುಷ್ಯ, ಸರಕು ಒಳ್ಳೆಯದೆಂದು ಗೊತ್ತಾದ ಮೇಲೆ ಒಪ್ಪಲೇಬೇಕು. ಠರಾವಿನ ಎರಡನೆಯ ಭಾಗವನ್ನು ಅಲ್ಲೇ ಹೊಡೆದುಹಾಕಿ, ಅದರ ಜಾಗದಲ್ಲಿ ಹೊಸದೊಂದು ಸಾಲು ಬರೆದರು: "ಉಡಚವ್ವನವರ ಅಪ್ಪಣೆಯಿಲ್ಲದೆ ಅಧ್ಯಕ್ಷರನ್ನೊಳಗೊಂಡು ಯಾರೂ ಗುಂಡುಗಳನ್ನು ಒರೆಸತಕ್ಕದ್ದಲ್ಲ." ಅಧ್ಯಕ್ಷರು ಸಹಿ ಹಾಕಿದರು. ಸಹಿ ಎಂದಿನಂತೆ ದೊಡ್ಡದಾಗಿಯೇ ಇತ್ತು.

ಉಡಚವ್ವ ಆ ಎರಡು ಬಿಳಿಯ ಚಿಂದಿಗಳಿಗೆ ನಂಬರು ಬರೆದು ಹಗ್ಗಕ್ಕೆ ಸಿಕ್ಕಿಸಿದಳು. ಕೆಂಪು ಗುಂಡಿನದು ಎರಡಕ್ಕೇ ಬಿಳಿ ಬಂದಿದ್ದರೂ, ಯಾರೂ ನೋಡದಾಗ ನಾಲ್ಕನೆಯ ನಂಬರಿಗೆ ಮೂರನೆಯದನ್ನೂ ಒಂದು ಎಳೆದುಬಿಟ್ಟಳು. ಕಟ್ಟಳೆ ಎಂದರೆ ಕಟ್ಟಳೆ.

ಪತ್ರಿಕೆಯವನು ಫೋಟೋಕ್ಕೆಂದು ಎಲ್ಲರನ್ನೂ ನಿಲ್ಲಿಸಿದ. ನಡುವೆ ಅಧ್ಯಕ್ಷರು, ಪಕ್ಕದಲ್ಲಿ ರೈಫಲ್ಲು ಹಿಡಿದ ಉಡಚವ್ವ. ಕ್ಯಾಮೆರಾ ಎದುರಿಗೆ ಬಂದೊಡನೆ ಅಧ್ಯಕ್ಷರಿಗೆ ಕಳೆದುಹೋದ ಗಾಂಭೀರ್ಯವೆಲ್ಲ ಮರಳಿ ಬಂತು. ಅವರು ಉಡಚವ್ವನ ಕಡೆ ತಿರುಗಿ, ಮಹಿಳಾ ದಿನಾಚರಣೆಯ ದನಿ ತೆಗೆದು, ಎಲ್ಲರಿಗೂ ಕೇಳುವಂತೆ ಪ್ರಶ್ನೆ ಹಾಕಿದರು: "ಅಲ್ರೀ ಉಡಚವ್ವಾರ, ಹನ್ನೆರಡು ವರ್ಷದಿಂದ ಈ ರೈಫಲ್ಲು ಮಕ್ಕಳಂಗ ಜ್ವಾಕಿ ಮಾಡೀರಿ. ಒಂದ್ಸಲನರ, ಒಂದಽ ಒಂದ್ಸಲನರ, ನಾನೂ ಒಂದು ಗುಂಡು ಹಾರಸ್ಬೇಕು ಅಂತ ನಿಮ್ಮ ಮನಸಿನ್ಯಾಗ ಆಸೆ ಹುಟ್ಟಿಲ್ಲೇನು?"

ಉಡಚವ್ವ ಅವರನ್ನು ಒಂದು ಕಣ್ಣು ಮುಚ್ಚಿ ನೋಡಿದಳು.

"ಯಾಕ ಹಾರಸ್ಲಿ? ಮತ್ತ ನಾನಽ ತೊಳೀಬೇಕಲ್ಲ."